ಬಚ್ಚಲ ಅಟ್ಟದ ಮರ, ಮಳೆಗಾಲದಲ್ಲೂ ತೆರೆಯುವ ಒಡವೆ ಪೆಟ್ಟಿಗೆ: ನನ್ನ ಅನುಭವ

ಕಳೆದ ಜುಲೈನಲ್ಲಿ ನಾನು ಮಾಡಿದ ಒಂದು ಒಡವೆ ಪೆಟ್ಟಿಗೆ ಅಮೆರಿಕದ ಅರಿಜೋನಾದಿಂದ ನಮ್ಮ ಮಲೆನಾಡಿನ ಸಾಗರ ಊರಿಗೆ ವಾಪಸ್ ಬಂತು. ರಿಪೇರಿಗೆ ಅಲ್ಲ. ಪೆಟ್ಟಿಗೆ ಮಾಡಿಸಿದ ಮನೆಯ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದರು, ಒಡವೆಯನ್ನು ಪೆಟ್ಟಿಗೆ ಸಮೇತ ತಂದಿದ್ದರು. ಎರಡು ವರ್ಷ ಮರುಭೂಮಿಯ ಒಣ ಗಾಳಿಯಲ್ಲಿ, ಏಸಿ ಕೋಣೆಯಲ್ಲಿ ಇದ್ದ ಪೆಟ್ಟಿಗೆ. ಇಲ್ಲಿ ಬಿಡದೆ ಹೊಡೆಯುವ ಮಳೆ, ಗೋಡೆ ಮುಟ್ಟಿದರೆ ಕೈ ಒದ್ದೆ. ಬಂದ ದಿನವೇ ನೋಡಿದರೆ ಏನೂ ತಿಳಿಯುವುದಿಲ್ಲ, ಮರ ನೀರು ಕುಡಿಯಲು ಸಮಯ ಬೇಕು. ಹದಿನೈದು ದಿನ ಬಿಟ್ಟು ಅವರ ಮನೆಗೆ ಹೋದೆ. ಮುಚ್ಚಳದ ಅಂಚಿಗೆ ಒಂದು ಬೆರಳು ಕೊಟ್ಟು ಎತ್ತಿದೆ. ಎದ್ದಿತು. ಮೂಲೆಯ ಡವ್‌ಟೇಲ್‌ಗಳಲ್ಲಿ, ಅಂದರೆ ಹಲ್ಲಿಗೆ ಹಲ್ಲು ಕೂರಿಸಿದ ಜೋಡಣೆಯಲ್ಲಿ, ಕೂದಲಷ್ಟೂ ಸಂದು ಬಿಟ್ಟಿರಲಿಲ್ಲ. ಒಳಗಿನ ಬೆಳ್ಳಿ ಗೆಜ್ಜೆ ಬೆಳ್ಳಗೇ ಇತ್ತು. ಅವತ್ತು ರಾತ್ರಿಯೇ ಇದನ್ನು ಬರೆಯಬೇಕು ಅಂತ ಅಂದುಕೊಂಡೆ.

ಯಾಕೆಂದರೆ ಹಳೆ ಮನೆಯ ಮರವನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಪೆಟ್ಟಿಗೆ ಮಾಡುವ ಈ ವಿಧಾನ ನಡೆಯಲ್ಲ ಅಂತ ನನಗೆ ಹೇಳದವರಿಲ್ಲ. "ಪ್ಲೈವುಡ್ ಮೇಲೆ ತೇಗದ ವಿನಿಯರ್ ಅಂಟಿಸು, ತಲೆನೋವೇ ಇರಲ್ಲ" ಅಂತ ಒಬ್ಬರು. "ಹೊಗೆ ಹಿಡಿದ ಮರದಲ್ಲಿ ಮದುವೆ ಉಡುಗೊರೆ ಮಾಡ್ತಾರಾ?" ಅಂತ ಇನ್ನೊಬ್ಬರು. ನನಗೆ ಕೆಲಸ ಕಲಿಸಿದ ಹಿರಿಯರೂ ತಲೆ ಅಲ್ಲಾಡಿಸಿದ್ದರು. ಆದರೆ ಪ್ಲೈವುಡ್ ಪೆಟ್ಟಿಗೆ ಮೂರು ತಲೆಮಾರು ಬರುವುದಿಲ್ಲ. ಮೊಮ್ಮಗಳ ಕೈಗೆ ಹೋಗಬೇಕಾದ ವಸ್ತುವಿನಲ್ಲಿ ಪದರ ಎದ್ದು ಬರುವ ಹಲಗೆ ಇಡಲು ನನಗೆ ಮನಸ್ಸಿಲ್ಲ.

ಹದಿನೆಂಟು ವರ್ಷ ಬಾಗಿಲು, ಕಿಟಕಿ, ಮಂಚ ಮಾಡಿದ ಮೇಲೆ, 2017ರ ಸುಮಾರಿಗೆ ನಾನು ಪೆಟ್ಟಿಗೆಗೆ ಇಳಿದೆ. ಅಕ್ಕನ ಮಗಳ ಮದುವೆಗೆ ಒಂದು ಮಾಡಿಕೊಟ್ಟೆ, ಅದನ್ನು ನೋಡಿದವರು ಕೇಳಿದರು. ಮರುವರ್ಷ ಮದುವೆ ಸೀಸನ್ನಿನಲ್ಲಿ ಹನ್ನೊಂದು ಪೆಟ್ಟಿಗೆ ಕೊಟ್ಟೆ, ಒಂದಕ್ಕೆ 4,500 ರೂಪಾಯಿ. ಆಗಸ್ಟ್ ಮುಗಿಯುವಷ್ಟರಲ್ಲಿ ಏಳು ವಾಪಸ್ ಬಂದವು. ಮುಚ್ಚಳ ಕಚ್ಚಿಕೊಂಡಿತ್ತು. ಮೂಲೆಯ ಮೈಟರ್, ಅಂದರೆ ಓರೆಯಾಗಿ ಕೊಯ್ದು ಅಂಟಿಸಿದ ಜೋಡಣೆ, ಬಾಯಿ ಬಿಟ್ಟಿತ್ತು. ಬೆಂಗಳೂರಿಗೆ ಹೋದ ಒಂದರ ಮುಚ್ಚಳ ನಡುವೆ ಉದ್ದಕ್ಕೆ ಸೀಳಿತ್ತು. ನಾಲ್ಕು ಜನರಿಗೆ ದುಡ್ಡು ಹಿಂದೆ ಕೊಟ್ಟೆ, ಮೂವರಿಗೆ ಹೊಸದು ಮಾಡಿಕೊಟ್ಟೆ. ಮರ, ಹಿಂಜು, ಬಟ್ಟೆ, ಬಸ್ ಪಾರ್ಸೆಲ್ ಎಲ್ಲ ಸೇರಿ ಮೂವತ್ತೆಂಟು ಸಾವಿರದ ಹತ್ತಿರ ಹೋಯಿತು. ಎರಡು ತಿಂಗಳ ಕೂಲಿಯ ಲೆಕ್ಕ ಬೇರೆ.

ಮರ ಉಬ್ಬುತ್ತದೆ, ಕುಗ್ಗುತ್ತದೆ ಎನ್ನುವುದು ನಮಗೆಲ್ಲ ಗೊತ್ತು. ಬಾಗಿಲು ಮಾಡುವವನಿಗೆ ಅದು ಹೊಸದಲ್ಲ. ಬಾಗಿಲು ಕಚ್ಚಿದರೆ ಹತ್ತರಿ ಹಾಕಿ ಅಂಚನ್ನು ಒಂದಿಷ್ಟು ಕೀಸಿದರಾಯಿತು. ಪೆಟ್ಟಿಗೆಯಲ್ಲಿ ಆ ಅವಕಾಶ ಇಲ್ಲ. ಎಷ್ಟು ಉಬ್ಬುತ್ತದೆ ಅಂತ ನಾನು ಒಮ್ಮೆಯೂ ಅಳೆದಿರಲಿಲ್ಲ. ಆ ವರ್ಷ ಎಂಟಿಂಚು ಅಗಲದ ಎರಡು ತೇಗದ ತುಂಡು ತೆಗೆದು ಅಂಗಡಿಯ ಗೋಡೆಗೆ ನೇತು ಹಾಕಿದೆ. ಒಂದು ದಿಮ್ಮಿಯ ಪಕ್ಕದಿಂದ ಕೊಯ್ದ ಅಡ್ಡಗೆರೆಯ ಹಲಗೆ, ಇನ್ನೊಂದು ದಿಮ್ಮಿಯ ನಡುವಿನಿಂದ ಕೊಯ್ದ ನೆಟ್ಟಗೆರೆಯ ಹಲಗೆ. ಪ್ರತಿ ತಿಂಗಳು ಒಂದನೇ ತಾರೀಕು ಅಳತೆ ಬರೆದೆ. ಏಪ್ರಿಲ್‌ನಿಂದ ಆಗಸ್ಟ್‌ಗೆ ಅಡ್ಡಗೆರೆಯದ್ದು ಮೂರು ಮಿಲಿಮೀಟರಿಗೂ ಸ್ವಲ್ಪ ಜಾಸ್ತಿ ಅಗಲವಾಯಿತು. ನೆಟ್ಟಗೆರೆಯದ್ದು ಒಂದೂವರೆ, ಹೆಚ್ಚೆಂದರೆ ಎರಡು. ಆ ತುಂಡುಗಳು ಈಗಲೂ ಗೋಡೆಯಲ್ಲಿವೆ. ಬಂದ ಗಿರಾಕಿಗೆ ಮೊದಲು ಅದನ್ನೇ ತೋರಿಸುತ್ತೇನೆ.

ಹಳೆ ಮನೆಯ ಮರಕ್ಕೆ ಬಂದದ್ದು 2019ರಲ್ಲಿ. ಹೊಸನಗರದ ಕಡೆ ಒಂದು ಉಪ್ಪರಿಗೆ ಮನೆ ಕೆಡವುತ್ತಿದ್ದರು. ಅಜ್ಜಿಯ ಕೋಣೆಯ ತೊಲೆಯಲ್ಲಿ ಮೂರು ಮೊಮ್ಮಕ್ಕಳಿಗೆ ಪೆಟ್ಟಿಗೆ ಮಾಡಿಕೊಡಿ ಅಂತ ಮನೆಯವರು ಕೇಳಿದರು. ನನಗೆ ಖುಷಿಯಾಯಿತು. ನೂರು ವರ್ಷ ಒಣಗಿದ ಮರ, ಇನ್ನೇನು ಅಲುಗಾಡುತ್ತೆ ಅಂತ ಅಂದುಕೊಂಡೆ. ಅದು ದೊಡ್ಡ ತಪ್ಪು. ಹಳೆ ಮರವೂ ಮಳೆಗಾಲದಲ್ಲಿ ಗಾಳಿಯ ನೀರು ಕುಡಿದುಕೊಂಡೇ ಕೂತಿರುತ್ತದೆ. ತೊಲೆ ಕೊಯ್ದು ತೇವ ಅಳೆಯುವ ಮೀಟರ್ ಚುಚ್ಚಿದರೆ ಒಳಗೆ ನೀರಿನಂಶ ಶೇಕಡಾ ಹದಿನಾರು, ಹದಿನೇಳು ತೋರಿಸಿತು. ಕೊಯ್ದ ಹಲಗೆ ಒಂದೇ ವಾರದಲ್ಲಿ ದೋಣಿಯಂತೆ ಬಾಗಿತು. ಒಳಗೆ ಮುರಿದು ಉಳಿದಿದ್ದ ಮೊಳೆಗೆ ಸಿಕ್ಕಿ ಪ್ಲೇನರ್ ಬ್ಲೇಡಿನ ಜೋಡಿ ಹಾಳಾಯಿತು. ಅದು 2,400 ರೂಪಾಯಿ. ಆಮೇಲೆ ಸಾವಿರದ ಇನ್ನೂರಕ್ಕೆ ಒಂದು ಮೆಟಲ್ ಡಿಟೆಕ್ಟರ್ ತಂದೆ. ಅದನ್ನು ಮೊದಲೇ ತರಬೇಕಿತ್ತು.

ಬೆಂಗಳೂರಿನಲ್ಲಿ ಕಿಲ್ನ್, ಅಂದರೆ ಮರ ಒಣಗಿಸುವ ದೊಡ್ಡ ಒಲೆ, ಇದ್ದವರನ್ನು ವಿಚಾರಿಸಿದೆ. ಎಂಟು ಹತ್ತು ಹಲಗೆಗೆಲ್ಲ ಒಲೆ ಹಚ್ಚುವುದಿಲ್ಲ ಅಂದರು. ಅದು ನ್ಯಾಯವೇ. ಮನೆಗೆ ಬಂದು ಸ್ನಾನಕ್ಕೆ ಹೋದಾಗ ಬಚ್ಚಲ ಒಲೆ ಉರಿಯುತ್ತಿತ್ತು. ನಮ್ಮ ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಪೂರ್ತಿ ಬೆಳಿಗ್ಗೆ ಸಂಜೆ ಆ ಒಲೆ ಉರಿಯುತ್ತದೆ. ಅದರ ಮೇಲಿನ ಅಟ್ಟದಲ್ಲಿ ಅಮ್ಮ ಬೀಜದ ಸೌತೆ, ಬಿದಿರಿನ ಬುಟ್ಟಿ, ಗೊರಬು ಎಲ್ಲ ಇಡುತ್ತಿದ್ದರು. ಆ ಬುಟ್ಟಿಗೆ ಎಂದೂ ಕುಟ್ಟೆ ಹಿಡಿದದ್ದಿಲ್ಲ. ಮಾವಿನ ಮರದಲ್ಲಿ ಮಾಡಿದ್ದ ನನ್ನ ಒಂದು ಪೆಟ್ಟಿಗೆ ಆರು ತಿಂಗಳಲ್ಲಿ ಹಿಟ್ಟು ಉದುರಿಸಿತ್ತು. ಒಣಗುವುದೂ ಆಗುತ್ತದೆ, ಹುಳುವಿನ ಕಾಟವೂ ತಪ್ಪುತ್ತದೆ ಅಂತ ಹಲಗೆಗಳನ್ನು ಅಲ್ಲಿಗೇ ಹತ್ತಿಸಿದೆ.

ಮೊದಲ ಸಲ ಹಾಳು ಮಾಡಿದೆ. ಒಲೆಯ ನೇರ ಮೇಲೆ ಜೋಡಿಸಿದ್ದೆ. ಹದಿನಾಲ್ಕು ಹಲಗೆಯಲ್ಲಿ ಒಂಬತ್ತು ತುದಿಯಿಂದ ಸೀಳಿದವು. ದುಡ್ಡಿನ ಲೆಕ್ಕದಲ್ಲಿ ಐದಾರು ಸಾವಿರ ಇರಬಹುದು. ಆದರೆ ಅದು ಅಜ್ಜಿಯ ಕೋಣೆಯ ತೊಲೆ. ಮಾರ್ಕೆಟ್ಟಿನಲ್ಲಿ ಇನ್ನೊಂದು ಸಿಗುವುದಿಲ್ಲ. ಆ ಮನೆಗೆ ಹೋಗಿ ಹಾಳಾಯಿತು ಅಂತ ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಅವರು ಬೈಯಲಿಲ್ಲ. ಇನ್ನೊಂದು ಚಿಕ್ಕ ತುಂಡು ಉಳಿದಿದೆ, ಅದನ್ನೂ ಒಯ್ಯಿರಿ ಅಂದರು. ಮೂರರ ಬದಲು ಎರಡು ಪೆಟ್ಟಿಗೆ ಆಯಿತು. ಮೂರನೆಯವಳಿಗೆ ಅದೇ ಮರದಲ್ಲಿ ಒಂದು ಕುಂಕುಮದ ಭರಣಿ ಕಡೆದುಕೊಟ್ಟೆ.

ಈಗ ನಾನು ಮಾಡುವುದು ಹೀಗೆ. ಮುಗಿದ ಹಲಗೆ ಹನ್ನೆರಡು ಮಿಲಿ ಬೇಕಿದ್ದರೆ ಹದಿನೆಂಟಕ್ಕೆ ಕೊಯ್ಯುತ್ತೇನೆ. ಎರಡೂ ತುದಿಗೆ ಜೇನುಮೇಣ ಕರಗಿಸಿ ಎರಡು ಸಲ ಬಳಿಯುತ್ತೇನೆ. ನಡುವೆ ಬಿದಿರಿನ ಸೀಳು ಇಟ್ಟು, ಒಲೆಯಿಂದ ಆರೇಳು ಅಡಿ ಪಕ್ಕಕ್ಕೆ, ಬಿಸಿ ತಾಗುವ ಆದರೆ ಹೊಗೆ ನೇರ ಬಡಿಯದ ಜಾಗದಲ್ಲಿ ಜೋಡಿಸುತ್ತೇನೆ. ವಾರಕ್ಕೊಮ್ಮೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಮೇಲೆ ಹಂಚಿನ ಕಲ್ಲಿನ ಭಾರ. ಏಳರಿಂದ ಎಂಟು ವಾರದಲ್ಲಿ ಹದಿನೇಳರಿಂದ ಒಂಬತ್ತು, ಹತ್ತಕ್ಕೆ ಇಳಿಯುತ್ತದೆ. ಹೊರಗೆ ಜಡಿಮಳೆ ಇದ್ದರೂ ಇಳಿಯುತ್ತದೆ, ಅದೇ ಇದರ ಗಮ್ಮತ್ತು. ಆಮೇಲೆ ಮೂರು ವಾರ ನಮ್ಮ ಮಲಗುವ ಕೋಣೆಯ ಮಂಚದ ಕೆಳಗೆ ಸುಮ್ನೆ ಇಡುತ್ತೇನೆ. ಅಟ್ಟದ ಕೊನೆಯ ವಾರದಲ್ಲಿ ಇನ್ನೊಂದು ಕೆಲಸ ಇದೆ. ಅದರಿಂದಲೇ ಹಲಗೆಯ ಒಳಗಿನ ಬಿಗಿ ಸಡಿಲವಾಗುತ್ತದೆ. ಅದನ್ನು ಕಂಡುಕೊಳ್ಳಲು ನನಗೆ ಎರಡು ಮಳೆಗಾಲ ಹಿಡಿಯಿತು, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಹೊಗೆ ವಾಸನೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಎರಡು ಮಿಲಿ ಹತ್ತರಿ ಹಾಕಿದರೆ ಹೊಗೆ ಹತ್ತರಿಯ ಸುರುಳಿಯಲ್ಲೇ ಹೋಗುತ್ತದೆ. ಒಳಗಿನ ಬಣ್ಣ ಶುದ್ಧವಾಗಿ ಇರುತ್ತದೆ.

ಜೋಡಣೆ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕೈ ಇದ್ದವರಿಗೆ ಗೊತ್ತು. ನಾಲ್ಕೂ ಗೋಡೆಗೆ ಗೆರೆ ಸುತ್ತ ಹರಿಯುವ ಹಾಗೆ ಒಂದೇ ಹಲಗೆ, ಕೈಯಲ್ಲೇ ಕೊಯ್ದ ಡವ್‌ಟೇಲ್. ಮೈಟರನ್ನು ಪೂರ್ತಿ ಬಿಟ್ಟೆ. ಮುಚ್ಚಳ ಚೌಕಟ್ಟಿನೊಳಗೆ ತೇಲುವ, ಅಂದರೆ ಉಬ್ಬಲು ಕುಗ್ಗಲು ಜಾಗವಿರುವ ಹಲಗೆ, ಅದೂ ನೆಟ್ಟಗೆರೆಯದ್ದು ಮಾತ್ರ. ಅಂಟು ನಡುವೆ ಒಂದು ಹನಿ, ಅಂಚಿಗೆ ಇಲ್ಲ. ಹಲಗೆಯ ಅಂಚಿಗೂ ಜೋಡಿಸುವ ಮೊದಲೇ ಪಾಲಿಶ್ ಹೊಡೆಯಬೇಕು. ಇಲ್ಲದಿದ್ದರೆ ಬೇಸಗೆಯಲ್ಲಿ ಕುಗ್ಗಿದಾಗ ಚೌಕಟ್ಟಿನ ಪಕ್ಕ ಬೋಳು ಗೆರೆ ಕಾಣುತ್ತದೆ. ಸಂದು ಎಷ್ಟು ಬಿಡಬೇಕು ಎನ್ನುವುದು ತಿಂಗಳ ಮೇಲೆ. ಮಾರ್ಚ್‌ನಲ್ಲಿ ಮಾಡಿದರೆ ಎರಡೂ ಕಡೆ ಜಾಗ ಬಿಡುತ್ತೇನೆ, ಜುಲೈನಲ್ಲಿ ಮಾಡಿದರೆ ಹೆಚ್ಚು ಕಮ್ಮಿ ತುಂಬಿಸುತ್ತೇನೆ. ಗೋಡೆಯ ಮೇಲಿನ ಆ ಎರಡು ತುಂಡು ಇದಕ್ಕೆ ನನ್ನ ಪಂಚಾಂಗ.

ಇನ್ನು ಒಳಗಿನ ವಿನ್ಯಾಸ. ಇಲ್ಲಿ ಹೆಚ್ಚಿನವರು ತಪ್ಪು ಮಾಡುವುದು ಪೆಟ್ಟಿಗೆ ಮೊದಲು, ಒಡವೆ ಆಮೇಲೆ ಅನ್ನುವುದರಲ್ಲಿ. ನಾನೂ ಮಾಡಿದ್ದೆ. ಚಂದದ ಹನ್ನೆರಡು ಚೌಕ ಮಾಡಿ ಕೊಟ್ಟೆ. ಆ ಮನೆಯ ಅಜ್ಜಿಯ ಡಾಬು ಅದರಲ್ಲಿ ಯಾವ ಮೂಲೆಯಲ್ಲೂ ಹಿಡಿಯಲಿಲ್ಲ. ಕೊಡುವುದೇ ಅಜ್ಜಿಯ ಡಾಬು ಇಡಲು, ಅದೇ ಹಿಡಿಯದಿದ್ದರೆ? ಈಗ ಒಡವೆಯನ್ನು ಬಿಳಿ ಹಾಳೆ ಮೇಲೆ ಇಟ್ಟು ಸುತ್ತ ಪೆನ್ಸಿಲ್ ಎಳೆದು ಕಳಿಸಿ ಅಂತ ಕೇಳುತ್ತೇನೆ. ಬೆಲೆ, ತೂಕ ಏನೂ ಬೇಡ, ಆಕಾರ ಸಾಕು. ಡಾಬಿಗೆ ಮುಚ್ಚಳದ ಕೆಳಗೆ ಸುತ್ತಿನ ಜಾಗ. ಬಳೆಗೆ ಮಲಗಿದ ಕೋಲು. ಎರಡು ನಾಲ್ಕರ ಅಳತೆಯ ಬಳೆ ಒಳಗೆ ಐವತ್ತೇಳು ಮಿಲಿ, ಎರಡು ಆರರದ್ದು ಅರವತ್ತು. ಆದ್ದರಿಂದ ನಲವತ್ತೈದು ಮಿಲಿಯ ಕೋಲು ಎರಡಕ್ಕೂ ಆಗುತ್ತದೆ. ಮಗಳ ಕೈಗೂ ಆಗಬೇಕು, ಅವಳ ಮಗಳ ಕೈಗೂ ಆಗಬೇಕು, ಅಲ್ವಾ? ಕೊಡಗಿನ ಮನೆಯೊಂದಕ್ಕೆ ಮಾಡುವಾಗ ಜೋಮಾಲೆಗೆ ಉದ್ದದ ಕಾಲುವೆ ಬಿಟ್ಟೆ. ಅದರ ಚಿನ್ನದ ಗುಂಡುಗಳ ಒಳಗೆ ಅರಗು ತುಂಬಿರುತ್ತದೆ, ಒತ್ತಿದರೆ ನೆಗ್ಗುತ್ತವೆ. ತಟ್ಟೆಗಳಿಗೆ ಶಿವನಿ ಮರ. ಹಗುರ, ಅಲುಗಾಟ ಕಮ್ಮಿ. ಕೆತ್ತನೆ ಬೇಕು ಅಂದವರಿಗೆ ನಾನು ಕೈ ಹಾಕುವುದಿಲ್ಲ. ಸಾಗರ, ಸೊರಬದ ಗುಡಿಗಾರರ ಕೈ ಇರುವಾಗ ಅದನ್ನು ನಾನು ಮಾಡುವುದು ಸರಿಯಲ್ಲ. ಮುಚ್ಚಳದ ಹಲಗೆ ಮಾತ್ರ ಅವರಿಗೆ ಕೊಟ್ಟು ಕೆತ್ತಿಸುತ್ತೇನೆ.

ಬೆಳ್ಳಿಯ ಕಥೆ ಹೇಳಲೇಬೇಕು. ಎರಡನೇ ವರ್ಷ ಒಬ್ಬರು ಗೆಜ್ಜೆ ಹಿಡಿದುಕೊಂಡು ಬಂದರು. ಕಾಡಿಗೆಯಂತೆ ಕಪ್ಪಾಗಿತ್ತು. "ನಿಮ್ಮ ಪೆಟ್ಟಿಗೆಯಲ್ಲಿ ಇಟ್ಟು ನಾಲ್ಕೇ ತಿಂಗಳು" ಅಂದರು. ನನಗೆ ಮರದ ಮೇಲೆ ಅನುಮಾನ ಬಂತು. ಖಾಲಿ ಉಪ್ಪಿನಕಾಯಿ ಬಾಟಲಿ ಹದಿನಾರು ತಂದು ತೊಳೆದೆ. ಅಕ್ಕಸಾಲಿಗರ ಹತ್ತಿರ ಬೆಳ್ಳಿ ತಗಡಿನ ಚೂರು ಮಾಡಿಸಿಕೊಂಡೆ. ಒಂದೊಂದು ಬಾಟಲಿಗೆ ಒಂದೊಂದು ವಸ್ತು: ತೇಗದ ಹೊಟ್ಟು, ಹಲಸಿನ ಹೊಟ್ಟು, ಉಣ್ಣೆಯ ಫೆಲ್ಟ್, ಕೆಂಪು ವೆಲ್ವೆಟ್, ಕಪ್ಪು ಹತ್ತಿ ಬಟ್ಟೆ, ಬಿಳಿ ಹತ್ತಿ, ಹಳೆ ರೇಷ್ಮೆ ಸೀರೆ, ರಬ್ಬರ್ ಅಂಟು, ಮರದ ಅಂಟು, ಹೀಗೆ. ಜೊತೆಗೆ ನೀರದ್ದಿದ ಹತ್ತಿ ಉಂಡೆ. ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ಒಂದು ತಿಂಗಳು ಇಟ್ಟೆ. ಮೊದಲು ಕಪ್ಪಾದದ್ದು ರಬ್ಬರ್ ಅಂಟಿನ ಬಾಟಲಿ, ಒಂದೇ ವಾರದಲ್ಲಿ. ಆಮೇಲೆ ಉಣ್ಣೆ ಫೆಲ್ಟ್. ಮೂರನೆಯದು ನನಗೆ ಆಶ್ಚರ್ಯ, ಕಪ್ಪು ಹತ್ತಿ ಬಟ್ಟೆ. ಬೆಳ್ಳಿಯನ್ನು ಕಪ್ಪು ಮಾಡುವುದು ಗಂಧಕ. ಬಟ್ಟೆಯ ಕಪ್ಪು ಬಣ್ಣಕ್ಕೆ ಗಂಧಕದ ಡೈ ಹಾಕುತ್ತಾರೆ ಅಂತ ನೇಕಾರರೊಬ್ಬರು ಆಮೇಲೆ ಹೇಳಿದರು. ಉಣ್ಣೆಯಲ್ಲಿ ಗಂಧಕ ಹುಟ್ಟಿನಿಂದಲೇ ಇರುತ್ತದೆ. ತೇಗ, ಹಲಸಿನ ಬಾಟಲಿಗಳಲ್ಲಿ ಬೆಳ್ಳಿ ಸ್ವಲ್ಪ ಮಂಕಾಯಿತು, ಅಷ್ಟೇ. ಮರದ ತಪ್ಪಿರಲಿಲ್ಲ. ಮ್ಯೂಸಿಯಮ್ಮಿನವರೂ ಇಂಥದ್ದೇ ಪರೀಕ್ಷೆ ಮಾಡುತ್ತಾರೆ, ಅರವತ್ತು ಡಿಗ್ರಿಯಲ್ಲಿ 28 ದಿನ, ಅದಕ್ಕೆ ಆಡಿ ಟೆಸ್ಟ್ ಅನ್ನುತ್ತಾರೆ ಅಂತ ಆಮೇಲೆ ಓದಿದೆ. ನನ್ನ ಉಪ್ಪಿನಕಾಯಿ ಬಾಟಲಿ ಅದೇ ದಾರಿಯಲ್ಲಿತ್ತು ಅಂತ ಹೆಮ್ಮೆಯಾಯಿತು.

ಅವತ್ತಿನಿಂದ ಒಳಗೆ ಅಂಟೇ ಇಲ್ಲ. ತೆಳ್ಳಗಿನ ಹಲಗೆಗೆ ಬಟ್ಟೆ ಸುತ್ತಿ ಹಿಂದಿನಿಂದ ದಾರದಲ್ಲಿ ಹೊಲಿದು, ಒತ್ತಿ ಕೂರಿಸುತ್ತೇನೆ. ಬಟ್ಟೆ ಮೂರು ಸಲ ಒಗೆದ ಬಿಳಿ ಹತ್ತಿ, ಇಲ್ಲವೇ ಅದೇ ಮನೆಯ ಅಮ್ಮನ ಧಾರೆ ಸೀರೆಯ ತುಂಡು. ಸೀರೆ ಕೇಳಿದಾಗ ಎಷ್ಟೋ ತಾಯಂದಿರು ಸ್ವಲ್ಪ ಹೊತ್ತು ಮಾತಾಡುವುದಿಲ್ಲ, ಆಮೇಲೆ ಒಳಗೆ ಹೋಗಿ ತರುತ್ತಾರೆ. ಹಳತಾದರೆ ಬಿಚ್ಚಿ ಹೊಸದು ಹಾಕಬಹುದು. ಅರಿಜೋನಾದಿಂದ ಬಂದದ್ದರಲ್ಲಿ ಇದ್ದದ್ದೂ ಧಾರೆ ಸೀರೆಯ ತುಂಡೇ.

ಪಾಲಿಶ್‌ನಲ್ಲೂ ಕಳೆದುಕೊಂಡಿದ್ದೇನೆ. ಅಗಸೆ ಎಣ್ಣೆ ಹೊರಗೆ ಚೆನ್ನ, ಒಳಗೆ ಹಾಕಬಾರದು. ಮುಚ್ಚಿದ ಪೆಟ್ಟಿಗೆಯೊಳಗೆ ವರ್ಷವಾದರೂ ಕಮಟು ವಾಸನೆ ಹೋಗಲಿಲ್ಲ, ಎರಡು ಪೆಟ್ಟಿಗೆ ಮಾರಲಾಗದೆ ಉಳಿದವು. ಒಳಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಮಾತ್ರ. ಆದರೆ ಜುಲೈನಲ್ಲಿ ಹೊಡೆದರೆ ಹಾಲು ಚೆಲ್ಲಿದ ಹಾಗೆ ಬಿಳುಪಾಗುತ್ತದೆ. ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ ಗಾಳಿಯ ನೀರು ಕೂರುತ್ತದೆ. ಒಂದೇ ದಿನ ನಾಲ್ಕು ಪೆಟ್ಟಿಗೆ ಹಾಗಾದವು, ಎಲ್ಲ ಕೆರೆದು ಮತ್ತೆ ಹೊಡೆದೆ. ಈಗ ಪಾಲಿಶನ್ನೂ ಬಚ್ಚಲ ಪಕ್ಕದ ಕೋಣೆಯಲ್ಲಿ ಮಾಡುತ್ತೇನೆ. ಒಲೆ ಪೂರ್ತಿ ಆರಿ, ಗೋಡೆ ಬೆಚ್ಚಗಿರುವ ಮಧ್ಯಾಹ್ನ ಹೊತ್ತಿನಲ್ಲಿ. ಬೆಂಕಿ ಇರುವಾಗ ಸ್ಪಿರಿಟ್ ಡಬ್ಬ ಆ ಕಡೆ ಒಯ್ಯಲೇಬಾರದು. ಅರಗಿಗೆ ನಾನು ಸೇರಿಸುವ ಇನ್ನೊಂದು ಮೇಣ ಇದೆ, ಅದು ನನ್ನಲ್ಲೇ ಇರಲಿ.

ಗೇರುಬೀಜದ ಸಿಪ್ಪೆ ಎಣ್ಣೆಯನ್ನೂ ನೋಡಿದೆ. ಕರಾವಳಿಯಲ್ಲಿ ದೋಣಿಗೆ ಬಳಿಯುತ್ತಾರಲ್ಲ, ತಳಕ್ಕೆ ಹುಳು ಬರದಂತೆ ಆದೀತು ಅಂತ. ಕೈ ಮೇಲೆಲ್ಲ ಗುಳ್ಳೆ ಎದ್ದು ಹತ್ತು ದಿನ ಉಳಿ ಹಿಡಿಯಲಾಗಲಿಲ್ಲ. ಬಣ್ಣ ಮಾತ್ರ ಬೀಟೆಯಂಥ ಕಪ್ಪು, ಬಹಳ ಚಂದ. ಅದನ್ನು ಪಳಗಿಸುವ ಆಸೆ ಇನ್ನೂ ಇದೆ.

ಹಲಸಿನ ಬಗ್ಗೆ ಒಂದು ಎಚ್ಚರಿಕೆ. ಹೊಸದಾಗಿ ಹತ್ತರಿ ಹಾಕಿದ ಹಲಸು ಅರಿಸಿನದ ಹಾಗೆ ಹಳದಿ, ಬೆಳಕಿಗೆ ದಿನದಿನಕ್ಕೆ ಕಂದಾಗುತ್ತದೆ. ಮುಗಿದ ಪೆಟ್ಟಿಗೆ ಮೇಲೆ ಬಿಲ್ಲಿನ ಚೀಟಿ ಇಟ್ಟು ವಾರ ಮರೆತೆ. ತೆಗೆದು ನೋಡಿದರೆ ಚೀಟಿಯ ಆಕಾರ ಹಳದಿಯಾಗಿ ಕೂತಿತ್ತು. ಈಗ ಹಲಸಿನದನ್ನು ಮೊದಲು ಹದಿನೈದು ದಿನ ಅಂಗಳದ ನೆರಳಲ್ಲಿ ಎಲ್ಲ ಮಗ್ಗುಲಿಗೂ ಬೆಳಕು ತೋರಿಸಿ, ಆಮೇಲೆ ಪಾಲಿಶ್ ಮಾಡುತ್ತೇನೆ.

ಬೀಟೆ, ಗಂಧ ಕೇಳುವವರು ಬಹಳ. ಗಂಧಕ್ಕೆ ಕೈ ಹಾಕುವುದಿಲ್ಲ. ಬೀಟೆ ಅವರ ಮನೆಯದ್ದೇ ಹಳೆ ಮರ ಇದ್ದು, ಕಾಗದ ಸರಿ ಇದ್ದರೆ ಮಾತ್ರ. 2017ರಿಂದ ಬೀಟೆ ಜಾತಿಯ ಮರವೆಲ್ಲ ಸೈಟಿಸ್ ಪಟ್ಟಿಯಲ್ಲಿದೆ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ), ಹೊರದೇಶಕ್ಕೆ ಕಳಿಸುವ ಮೊದಲು ವಿಚಾರಿಸಿಕೊಳ್ಳಿ. ಹೊರಗಿನ ಕ್ರೇಟಿಗೂ ಹಸಿ ಹಲಗೆ ನಡೆಯಲ್ಲ, ಹುಳು ಸಾಯುವಂತೆ ಬಿಸಿ ಮಾಡಿ, ಇಲ್ಲವೇ ಮದ್ದಿನ ಹೊಗೆ ಕೊಟ್ಟು ಮುದ್ರೆ ಒತ್ತಿದ ಮರವೇ ಬೇಕು. ಅದಕ್ಕೇ ನಾನು ದಪ್ಪ ರಟ್ಟಿನ ಡಬ್ಬವನ್ನೇ ಬಳಸುತ್ತೇನೆ.

ದುಡ್ಡಿನ ಮಾತು. ಮೊದಲ ಮೂರು ವರ್ಷ ಸೇರಿ ಒಂದು ಲಕ್ಷ ನಲವತ್ತು ಸಾವಿರದಷ್ಟು ಕಳೆದುಕೊಂಡಿದ್ದೇನೆ. ಆಗ ಮನೆ ನಡೆದದ್ದು ಬಾಗಿಲು ಕೆಲಸದಿಂದ. ಈಗ ಹನ್ನೆರಡು, ಎಂಟು, ಆರಿಂಚಿನ ಪೆಟ್ಟಿಗೆಗೆ 16,000 ತೆಗೆದುಕೊಳ್ಳುತ್ತೇನೆ, ಮರ ಅವರದ್ದು. ಕೊಯ್ಲು, ಹಿತ್ತಾಳೆ, ಅರಗು, ಬಟ್ಟೆಗೆ ಮೂರೂವರೆ ಸಾವಿರ. ಏಳೆಂಟು ದಿನದ ಕೆಲಸ. ವರ್ಷಕ್ಕೆ ಇಪ್ಪತ್ತು, ಇಪ್ಪತ್ತೆರಡು ಪೆಟ್ಟಿಗೆ, ಅದಕ್ಕಿಂತ ಜಾಸ್ತಿ ಅಟ್ಟದಲ್ಲಿ ಹಿಡಿಯುವುದಿಲ್ಲ. ಚೌಕಾಸಿ ಮಾಡಿದರೆ ಗೋಡೆಯ ತುಂಡು ತೋರಿಸುತ್ತೇನೆ. ಕಳೆದ ನಾಲ್ಕು ಮಳೆಗಾಲದಲ್ಲಿ ವಾಪಸ್ ಬಂದದ್ದು ಒಂದೇ, ಅದೂ ಮಗು ಕೆಳಗೆ ಬೀಳಿಸಿ ಹಿಂಜು ಕಿತ್ತದ್ದು. ಪ್ಲೈವುಡ್ ಹಾಕು ಅಂದಿದ್ದ ಗೆಳೆಯರು ಹೋದ ವರ್ಷ ತಮ್ಮ ಮಗಳಿಗೆ ನನ್ನಲ್ಲೇ ಮಾಡಿಸಿದರು.

ಈಗ ಕೈಯಲ್ಲಿರುವ ಕೆಲಸ ಮುಳುಗಡೆಯ ಮನೆಯವರದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನೀರು ಏರುವ ಮೊದಲು ಅವರ ತಾತ ಮನೆ ಬಿಚ್ಚಿ ಎರಡು ಕಂಬಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರಂತೆ. ಒಂದು ಕಂಬ ಹೊಸ ಮನೆಗೆ ಸೇರಿತು, ಇನ್ನೊಂದು ಇಷ್ಟು ವರ್ಷ ಕೊಟ್ಟಿಗೆಯಲ್ಲಿತ್ತು. ಹಲಸಿನ ಕಂಬ, ಕೆಚ್ಚು ಒಂದಿಷ್ಟೂ ಹಾಳಾಗಿಲ್ಲ. ಮೂವರು ಅಕ್ಕ ತಂಗಿಯರು, ಮೂವರಿಗೂ ಅದೇ ಕಂಬದಲ್ಲಿ ಬೇಕು. ತೊಟ್ಟಿಲ ಹಗ್ಗ ಕಟ್ಟುತ್ತಿದ್ದ ಒಂದು ಮೊಳೆಯ ತೂತು ಕಂಬದಲ್ಲಿದೆ, ಸುತ್ತ ಕಬ್ಬಿಣದ ಕಪ್ಪು ಕಲೆ. ಅದನ್ನು ತೆಗೆಯಬೇಡಿ ಅಂತ ದೊಡ್ಡವರು ಹೇಳಿದ್ದಾರೆ. ತೂತು ಆರಿಂಚು ಆಳ ಇದೆ. ಅದಕ್ಕೆ ಅಡ್ಡಲಾಗಿ ಪದರ ಪದರವಾಗಿ ಕೊಯ್ದೆ. ಮೂರು ಮುಚ್ಚಳದ ಹಲಗೆಯಲ್ಲೂ ಅದೇ ತೂತು, ಅದೇ ಜಾಗದಲ್ಲಿ ಬಂದಿದೆ. ಹಲಗೆಗಳು ಅಟ್ಟ ಹತ್ತಿ ಐದು ವಾರವಾಯಿತು. ನಿನ್ನೆ ಮೀಟರ್ ಹನ್ನೆರಡು ತೋರಿಸಿತು.